ಮುಂಬಯಿಯ ಷೇರಿನ ಹುಚ್ಚು

ಮುಂಬಯಿ ವಿಶ್ವವಿದ್ಯಾಲಯದ ಕೋಟೆ ಆವರಣದಲ್ಲಿ ಎತ್ತರವಾದ ಗಡಿಯಾರದ ಗೋಪುರವೊಂದಿದೆ. ಅದೇ ರಾಜಾಬಾಯಿ ಗೋಪುರ. ಅದಕ್ಕೆ ಹಣ ಕೊಟ್ಟವರು ಪ್ರೇಮಚಂದ ರಾಯಚಂದ ಎಂಬ ದಲಾಲರು. ಗೋಪುರಕ್ಕಿರುವುದು ಅವರ ತಾಯಿಯ ಹೆಸರು. ಆ ಹಣ ಬಂದ ಕಾಲದ ಸಂಗತಿಯನ್ನು ನೀವು ತಿಳಿಯಬೇಕು.

1861ರಲ್ಲಿ ಅಮೆರಿಕೆಯಲ್ಲಿ ಅಂತರ್ಯುದ್ಧ ಆರಂಭವಾಯಿತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಅಲ್ಲಿಯ ಹತ್ತಿ ಸಿಗದೆ ಇಂಗ್ಲೆಂಡಿನ ಗಿರಣಿಗಳು ಭಾರತದ ಕಡೆ ನೋಡಿದವು. ಹತ್ತಿಯ ಬೆಲೆ ಹಲವು ಪಟ್ಟು ಏರಿತು. ಆಗ ಧಾರವಾಡ ಜಿಲ್ಲೆಯೂ ಮುಂಬಯಿ ಪ್ರಾಂತದಲ್ಲಿತ್ತು. ಅಲ್ಲಿಯ ಎರೆಹೊಲಗಳ ಹತ್ತಿಯೂ ಹಡಗು ಏರಿತು. ಮುಂಬಯಿಗೆ ಹಣದ ಹೊಳೆಯೇ ಹರಿದು ಬಂತು.

ಬಂದ ಹಣವನ್ನು ಎಲ್ಲಿ ತೊಡಗಿಸುವುದು? ದಿನಕ್ಕೊಂದು ಬ್ಯಾಂಕು, ಕಂಪನಿ ಹುಟ್ಟತೊಡಗಿತು. ಬ್ಯಾಕ್ ಬೇ ಕಡಲನ್ನು ತುಂಬಿ ನೆಲ ಮಾಡುವ ಕಂಪನಿಯ ಷೇರುಗಳು ಮುಖಬೆಲೆಯ ಹಲವು ಪಟ್ಟಿಗೆ ಮಾರಾಟವಾದವು. ಕಡಲಿನ್ನೂ ಕಡಲಾಗಿಯೇ ಇತ್ತು!

ಜನ ವಾಯಿದೆಯ ವ್ಯವಹಾರಕ್ಕೂ ಇಳಿದರು. ‘ಜುಲೈ 1ರಂದು ಈ ಷೇರನ್ನು 1,000 ರೂಪಾಯಿಗೆ ಕೊಳ್ಳುತ್ತೇನೆ’ ಎಂದು ಒಬ್ಬನು ಕರಾರು ಮಾಡಿದನೆನ್ನಿ. ಅಂದು ಬೆಲೆ 1,200 ಆದರೆ ಅವನಿಗೆ 200 ರೂಪಾಯಿ ಲಾಭ. 300ಕ್ಕೆ ಇಳಿದರೆ 700 ರೂಪಾಯಿ ನಷ್ಟ. ಬ್ಯಾಂಕುಗಳೂ ಷೇರುಗಳನ್ನೇ ಒತ್ತೆಯಿಟ್ಟುಕೊಂಡು ಸಾಲ ಕೊಟ್ಟವು. ಆ ಸಾಲದಿಂದ ಮತ್ತೆ ಷೇರು ಕೊಂಡರು. ಬೆಲೆ ಮತ್ತೆ ಏರಿತು.

1865ರ ಏಪ್ರಿಲ್‌ನಲ್ಲಿ ದಕ್ಷಿಣದ ಮುಖ್ಯ ಸೈನ್ಯ ಶರಣಾಯಿತು. ಯುದ್ಧ ಮುಗಿಯಿತೆಂಬ ಸುದ್ದಿಗೆ ಹತ್ತಿಯ ಬೆಲೆ ಕುಸಿಯಿತು. ಜುಲೈ 1ರಂದು ವಾಯಿದೆ ತೀರಿಸಬೇಕಾದವರ ಕೈಯಲ್ಲಿ ಹಣವಿರಲಿಲ್ಲ. ಒಬ್ಬನು ಕೊಡದಿದ್ದರೆ ಅವನನ್ನು ನಂಬಿದ ಇನ್ನೊಬ್ಬನೂ ಕೊಡಲಾರ. ಹೀಗೆ ಸಾವಿರಾರು ಜನ ದಿವಾಳಿಯಾದರು. 2,850 ರೂಪಾಯಿಗೆ ಏರಿದ್ದ ಬ್ಯಾಂಕ್ ಆಫ್ ಬಾಂಬೆಯ ಷೇರು 87 ರೂಪಾಯಿಗೆ ಇಳಿಯಿತು. ಮುಂದೆ ಆ ಬ್ಯಾಂಕೇ ಮುಚ್ಚಿತು. ಪ್ರೇಮಚಂದರೂ ಅಪಾರ ಸಂಪತ್ತನ್ನು ಕಳೆದುಕೊಂಡರು. ಅವರು 1864ರಲ್ಲೇ ದಾನ ಮಾಡಿದ್ದ ಹಣ ಮಾತ್ರ ಗೋಪುರವಾಗಿ ಉಳಿಯಿತು.

ಷೇರು ಕೊಳ್ಳುವುದೇ ತಪ್ಪಲ್ಲ. ಅನೇಕರ ಹಣ ಕೂಡಿದರೆ ಗಿರಣಿ, ರೈಲುದಾರಿ ನಿರ್ಮಾಣವಾಗುತ್ತವೆ. ಆದರೆ ದುಡಿಮೆಯಿಂದ ಬರುವ ಲಾಭ ಬೇರೆ, ಮುಂದಿನವನು ಹೆಚ್ಚು ಕೊಟ್ಟಾನೆಂಬ ಆಸೆಯ ಲಾಭ ಬೇರೆ. ನಾಳೆ ನಿಮ್ಮೂರಿಗೆ ಯಾರಾದರೂ ಬಂದು ‘ಹಣ ಕೊಡಿ, ಬೇಗನೆ ದುಪ್ಪಟ್ಟು ಮಾಡಿಕೊಡುತ್ತೇವೆ’ ಎಂದರೆ ಒಂದೇ ಪ್ರಶ್ನೆ ಕೇಳಿರಿ: ಆ ಹೆಚ್ಚಿನ ಹಣ ಯಾವ ಕೆಲಸದಿಂದ ಬರುತ್ತದೆ?