ರೆಕ್ಕೆ ಕತ್ತರಿಸಿದ ವೇಗ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಚಕ್ಕಡಿ ಶರ್ಯತ್ತು ನೋಡಿದವರಿಗೆ ಹಗುರ ಬಂಡಿಯ ಗುಟ್ಟು ಗೊತ್ತು. ಅಮೆರಿಕದ ರೆನೋದಲ್ಲಿ 1964ರಿಂದ 2023ರವರೆಗೆ ಇದೇ ಗುಟ್ಟು ಆಕಾಶಕ್ಕೇರಿತ್ತು. ಎರಡನೇ ಮಹಾಯುದ್ಧ ಕಾಲದ ಫೈಟರ್ ವಿಮಾನಗಳೇ ಅಲ್ಲಿ ಪಂದ್ಯದ ಎತ್ತುಗಳು!

ಭಾರ ಇಳಿಸಿ, ರೆಕ್ಕೆ ಮೊಟಕು ಮಾಡಿ ಗಾಳಿಯ ತಡೆ ತಗ್ಗಿಸುತ್ತಿದ್ದರು. ಅಂಥ ‘ರೇರ್ ಬೇರ್’ 1989ರಲ್ಲಿ ಗಂಟೆಗೆ 850 ಕಿ.ಮೀ. ವೇಗದ ದಾಖಲೆ ಬರೆಯಿತು.

‘ಗ್ಯಾಲಪಿಂಗ್ ಘೋಸ್ಟ್’ ಎಂಬ ಮಸ್ಟಾಂಗ್‌ನ ರೆಕ್ಕೆಯ ಹರವು 37 ಅಡಿಯಿಂದ ಸುಮಾರು 29 ಅಡಿಗೆ ಇಳಿದಿತ್ತು. 2011ರಲ್ಲಿ ಅದು ನೆಲಕ್ಕಪ್ಪಳಿಸಿ, ಪೈಲಟ್ ಸೇರಿ 11 ಜನ ಸತ್ತರು. ತನಿಖೆ ಬೊಟ್ಟು ಮಾಡಿದ್ದು ಬಾಲದ ಪುಟ್ಟ ಪಟ್ಟಿಗೆ ಮತ್ತೆ ಬಳಸಿದ್ದ ಹಳೆಯ ನಟ್‌ಗಳತ್ತ. ಬಿಗಿ ತಪ್ಪಿದ ಪಟ್ಟಿ ಅತಿವೇಗದಲ್ಲಿ ಅದುರಿ ಮುರಿದಿತ್ತು. ಮಾರ್ಪಾಡಿಗೆ ತಕ್ಕ ಪರೀಕ್ಷೆಯೂ ನಡೆದಿರಲಿಲ್ಲ.

ಸಾಂಬ್ರಾದ ವಿಮಾನ ಕಂಡು ಕನಸು ಕಟ್ಟುವ ಮಕ್ಕಳೇ, ವೇಗಕ್ಕಿಂತ ಮೊದಲು ನಟ್ ಬಿಗಿಯುವುದನ್ನು ಕಲಿಯಿರಿ.