ಅಲಮಾರು ತುಂಬಿದರೆ ಅಂಗಡಿ ಖಾಲಿ

2023ರ ಜುಲೈ 20 ನೆನಪಿದೆಯಾ? ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತನ್ನು ಭಾರತ ಸರ್ಕಾರ ನಿಲ್ಲಿಸಿದ ದಿನ. ಮರುದಿನವೇ ವಾಟ್ಸಾಪ್ ಗುಂಪುಗಳಲ್ಲಿ ಗಲಾಟೆ ಶುರು. ನಾವು ಮೂವರು ರೂಮ್‌ಮೇಟ್‌ಗಳು ತಿಂಗಳಿಗೆ ಒಂದು ಮೂಟೆ ಸೋನಾ ಮಸೂರಿ ಮುಗಿಸೋದೇ ಹೆಚ್ಚು. ಆದರೂ ಆ ಸಂಜೆ ನಾಲ್ಕು ಮೂಟೆ ಹೊತ್ತು ತಂದೆವು. ಮಾರನೇ ದಿನ ಇಂಡಿಯನ್ ಸ್ಟೋರಿನ ಬಾಗಿಲಲ್ಲಿ "ಒಂದು ಕುಟುಂಬಕ್ಕೆ ಒಂದೇ ಮೂಟೆ" ಅನ್ನೋ ಚೀಟಿ ಅಂಟಿತ್ತು.

ಲ್ಯಾಬಿನ ಅಮೆರಿಕನ್ ಗೆಳೆಯನಿಗೆ ಇದನ್ನು ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕ. "ನೀವು ಅಕ್ಕಿಗೆ ಮಾಡಿದ್ದನ್ನೇ ನಮ್ಮಪ್ಪ ಗುಂಡಿಗೆ ಮಾಡಿದ್ದರು" ಅಂದ. ಅವನದು ಗುರಿ ಹೊಡೆಯುವ ಹವ್ಯಾಸದ ಮನೆತನ. ಅವನ ಮಾತು ಕೇಳಿ ಕುತೂಹಲ ಹುಟ್ಟಿ ಒಂದಿಷ್ಟು ಓದಿದೆವು. ಬಂದೂಕು ಬೇಕೋ ಬೇಡವೋ ಅನ್ನೋ ಚರ್ಚೆ ಈ ಲೇಖನದ್ದಲ್ಲ. ಅಂಗಡಿಯ ಕಪಾಟು ಹೇಗೆ ಖಾಲಿಯಾಗುತ್ತೆ, ಅದರಲ್ಲಿ ನಮ್ಮಂಥವರ ಪಾಲೆಷ್ಟು ಅನ್ನೋದಷ್ಟೇ ಇಲ್ಲಿನ ವಿಷಯ. ಕೊನೆಯಲ್ಲಿ ನಮ್ಮ ವೀಸಾಕ್ಕೆ ಸಂಬಂಧಿಸಿದ ಒಂದು ಮಾತಿದೆ, ಅದನ್ನು ಬಿಡದೆ ಓದಿ.

ಏನಿದು ಪಾಯಿಂಟ್ ಟೂಟೂ?

ಊರಲ್ಲಿ ಎನ್‌ಸಿಸಿಗೆ ಹೋದವರಿಗೆ ಪಾಯಿಂಟ್ ಟೂಟೂ ರೈಫಲ್ ಗೊತ್ತು. ಅಲ್ಲಿ ಎಣಿಸಿ ಗುಂಡು ಕೊಡುತ್ತಾರೆ, ಹೊಡೆದ ಮೇಲೆ ಖಾಲಿ ಕೇಸುಗಳನ್ನೂ ಎಣಿಸಿ ವಾಪಸ್ ಪಡೆಯುತ್ತಾರೆ. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಅದೇ ಗುಂಡು ಟಾರ್ಚು, ಬ್ಯಾಟರಿ ಸಿಗೋ ದೊಡ್ಡ ಅಂಗಡಿಯಲ್ಲೇ ಸಿಗುತ್ತೆ. ಒಂದು ಪೊಟ್ಟಣದಲ್ಲಿ 50. ಅಂಥ ಹತ್ತು ಪೊಟ್ಟಣ, ಅಂದ್ರೆ 500 ಗುಂಡಿನ ಕಟ್ಟಿಗೆ 'ಬ್ರಿಕ್' ಅಂತಾರೆ, ನೋಡೋಕೂ ಇಟ್ಟಿಗೆ ಥರಾನೇ ಇರುತ್ತೆ.

1887ರಿಂದ ಬಳಕೆಯಲ್ಲಿರುವ ಪಾಯಿಂಟ್ ಟೂಟೂ ಲಾಂಗ್ ರೈಫಲ್ ಗುಂಡಿಗೆ ಸದ್ದು ಕಡಿಮೆ, ಭುಜಕ್ಕೆ ಒದೆತ ಕಡಿಮೆ, ಬೆಲೆಯೂ ಕಡಿಮೆ. ಮಕ್ಕಳು ಗುರಿ ಕಲಿಯೋದು ಇದರಲ್ಲೇ. ವಿಶ್ವವಿದ್ಯಾಲಯಗಳ ರೈಫಲ್ ತಂಡಗಳು ಎನ್‌ಸಿಎಎ ಸ್ಪರ್ಧೆಯ ಸ್ಮಾಲ್‌ಬೋರ್ ವಿಭಾಗದಲ್ಲಿ ಹೊಡೆಯೋದೂ ಇದನ್ನೇ: ಮಂಡಿಯೂರಿ 20, ಮಲಗಿ 20, ನಿಂತು 20, ಒಟ್ಟು 60 ಗುಂಡು. 2012ರ ತನಕ ಒಂದು ಬ್ರಿಕ್‌ಗೆ ಸುಮಾರು 20 ಡಾಲರ್, ಅಂದ್ರೆ ಗುಂಡೊಂದಕ್ಕೆ ನಾಲ್ಕು ಸೆಂಟ್.

ಕಾರಣ ಹೋಯಿತು, ಬರ ಉಳಿಯಿತು

2012ರ ಡಿಸೆಂಬರ್ 14ರಂದು ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ ಒಬ್ಬ ಬಂದೂಕುಧಾರಿ 20 ಪುಟ್ಟ ಮಕ್ಕಳನ್ನೂ ಆರು ಮಂದಿ ಸಿಬ್ಬಂದಿಯನ್ನೂ ಕೊಂದ. ದೇಶವೇ ತತ್ತರಿಸಿತು. ಕಠಿಣ ಕಾನೂನಿನ ಮಾತು ಬಂತು. "ಕಾನೂನು ಬರೋ ಮೊದಲೇ ಕೊಂಡುಬಿಡೋಣ" ಅಂತ ಬಂದೂಕು ಇದ್ದವರು ಅಂಗಡಿಗಳಿಗೆ ಧಾವಿಸಿದರು. 2013ರ ಜನವರಿಯಲ್ಲಿ ವಾಲ್‌ಮಾರ್ಟ್, ಒಬ್ಬರಿಗೆ ದಿನಕ್ಕೆ ಮೂರೇ ಪೊಟ್ಟಣ ಅಂತ ಮಿತಿ ಹಾಕಿತು.

ಮಸೂದೆಯಲ್ಲಿ ಇದ್ದದ್ದು ಮುಖ್ಯವಾಗಿ ಸೈನ್ಯದ ಮಾದರಿಯ ರೈಫಲ್‌ಗಳು ಮತ್ತು ದೊಡ್ಡ ಮ್ಯಾಗಜೀನ್‌ಗಳ ವಿಷಯ. ಅದೂ ಏಪ್ರಿಲ್‌ನಲ್ಲೇ ಸೆನೆಟ್‌ನಲ್ಲಿ ಬಿದ್ದುಹೋಯಿತು. ಹೆದರಿಕೆಗೆ ಕಾರಣವಾದದ್ದೇ ಹೋಯಿತಲ್ಲ, ಇನ್ನು ಗುಂಡು ಸಿಗಬೇಕಿತ್ತು. ಸಿಗಲಿಲ್ಲ. ಪಾಯಿಂಟ್ ಟೂಟೂ ಬರ ಮುಂದಿನ ವರ್ಷಗಳಿಗೂ ಎಳೆಯಿತು. ಗೃಹಭದ್ರತಾ ಇಲಾಖೆಯೇ ಕೋಟಿಗಟ್ಟಲೆ ಗುಂಡು ಕೊಂಡು ಅಡಗಿಸಿದೆ ಅನ್ನೋ ವದಂತಿ ಹಬ್ಬಿತು. ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆ ತನಿಖೆ ಮಾಡಿ, ಇಲಾಖೆಯ ಖರೀದಿ ಆ ವರ್ಷಗಳಲ್ಲಿ ಇಳಿದಿತ್ತು ಅಂತ 2014ರಲ್ಲಿ ವರದಿ ಕೊಟ್ಟಿತು. ಹಾಗಾದರೆ ಗುಂಡೆಲ್ಲ ಹೋದದ್ದೆಲ್ಲಿಗೆ?

ಒಂದು ಸಣ್ಣ ಲೆಕ್ಕ

ಒಂದು ಊರಲ್ಲಿ 100 ಜನ ಹವ್ಯಾಸಿಗಳು, ತಲಾ ತಿಂಗಳಿಗೊಂದು ಬ್ರಿಕ್ ಹೊಡೆಯುತ್ತಾರೆ ಅಂತಿಟ್ಟುಕೊಳ್ಳಿ. ಕಾರ್ಖಾನೆಯಿಂದ ತಿಂಗಳಿಗೆ 100 ಬ್ರಿಕ್ ಬರುತ್ತೆ, ಎಲ್ಲ ಸಲೀಸು. ಒಂದು ದಿನ ಎಲ್ಲರಿಗೂ "ಮನೆಯಲ್ಲಿ ಇನ್ನೊಂದು ಇದ್ದರೆ ಒಳ್ಳೇದು" ಅನ್ನಿಸಿತು. ಆ ತಿಂಗಳು ಬೇಕಾದದ್ದು 200, ಇರೋದು 100. ಯಾರೂ ಒಂದು ಗುಂಡೂ ಹೆಚ್ಚಿಗೆ ಹೊಡೆದಿಲ್ಲ, ಯಾರೂ ದುರಾಸೆಯವರಲ್ಲ. ಆದರೂ ಐವತ್ತು ಜನ ಬರಿಗೈಯಲ್ಲಿ ಮನೆಗೆ. ಖಾಲಿ ಕಪಾಟು ನೋಡಿ ಬಂದವರು ಮುಂದಿನ ತಿಂಗಳು ಎರಡಲ್ಲ, ನಾಲ್ಕು ಕೇಳುತ್ತಾರೆ. ಅವರ ಹೆದರಿಕೆಗೆ ಈಗ ಸಾಕ್ಷಿಯೂ ಸಿಕ್ಕಿದೆ, ಆ ಸಾಕ್ಷಿಯನ್ನು ಸೃಷ್ಟಿಸಿದವರೂ ಅವರೇ.

ಕಾರ್ಖಾನೆ ಹೆಚ್ಚು ಮಾಡಬಾರದಾ? ಅವು ಹಗಲು ರಾತ್ರಿ ಓಡುತ್ತಲೇ ಇದ್ದವು. ಆದರೆ ಪಾಯಿಂಟ್ ಟೂಟೂ ತಯಾರಿಗೆ ಬೇರೆಯದೇ ಯಂತ್ರಗಳು ಬೇಕು. ಕಿಡಿ ಹೊತ್ತಿಸೋ ಮದ್ದನ್ನು ಒದ್ದೆಯಾಗಿರುವಾಗಲೇ ತಿರುಗಿಸಿ ಕೇಸಿನ ಅಂಚಿನೊಳಗೆ ಕೂರಿಸಬೇಕು. ಹೊಸ ಸಾಲು ಹಾಕೋಕೆ ಬಹಳ ದುಡ್ಡು, ಬಹಳ ಸಮಯ. ಅಷ್ಟರಲ್ಲಿ ಜನರ ಅಲಮಾರು ತುಂಬಿ ಬೇಡಿಕೆ ಬಿದ್ದರೆ ಗತಿಯೇನು? ಆ ಭಯ ಸುಳ್ಳಾಗಿರಲಿಲ್ಲ. 2016ರ ಚುನಾವಣೆಯ ನಂತರ ಕಾನೂನಿನ ಹೆದರಿಕೆ ಹೋಗಿ ಮಾರಾಟ ಕುಸಿಯಿತು. 2018ರಲ್ಲಿ ಹಳೆಯ ರೆಮಿಂಗ್ಟನ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಸಪ್ಲೈ ಚೈನ್ ಓದುವ ಗೆಳೆಯರು ಬುಲ್‌ವಿಪ್ ಅನ್ನೋದು ಇದನ್ನೇ: ಚಾಟಿಯ ಹಿಡಿಯಲ್ಲಿ ಕೈ ಚೂರು ಅಲುಗಿದರೂ ತುದಿಯಲ್ಲಿ ದೊಡ್ಡ ಏಟು.

ಇನ್ನೊಂದು ವಿಷಯ ನಮಗೆ ತಡವಾಗಿ ಹೊಳೆಯಿತು. ಅಕ್ಕಿ ಜಾಸ್ತಿ ದಿನ ಇಟ್ಟರೆ ನುಸಿ ಬೀಳುತ್ತೆ, ಹಾಗಾಗಿ ಕೂಡಿಡೋಕೂ ಒಂದು ಮಿತಿ. ತಂಪಾದ ಒಣ ಜಾಗದಲ್ಲಿಟ್ಟ ಗುಂಡು ದಶಕಗಳ ಕಾಲ ಕೆಡಲ್ಲ. "ಇಷ್ಟು ಸಾಕು" ಅಂತ ಹೇಳೋ ನುಸಿ ಅಲ್ಲಿಲ್ಲ.

ಬೆಲೆ ಯಾರದ್ದು?

ಹಳೇ ಬೆಲೆಗೇ ಮಾರಿದ ಅಂಗಡಿಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲು. ಲಾರಿ ಬರೋ ದಿನ ತಿಳಿದವರು, ಬೆಳಗ್ಗೆ ಪುರುಸೊತ್ತಿದ್ದವರು ಕೊಂಡು ಆನ್‌ಲೈನ್‌ನಲ್ಲಿ ಎರಡು-ಮೂರು ಪಟ್ಟಿಗೆ ಮಾರಿದರು. ಬೆಲೆ ಏರಿಸಿದ ಅಂಗಡಿಯಲ್ಲಿ ಮಾಲು ಇತ್ತು, ಆದರೆ ಬೈಗುಳವೂ ಇತ್ತು. ಕೊರತೆ ಇದ್ದಾಗ ಹಂಚಿಕೆ ನಡೆಯೋದು ಒಂದೋ ದುಡ್ಡಿನಿಂದ, ಇಲ್ಲಾ ಸಾಲಿನಿಂದ. ಎರಡರಲ್ಲೂ ಪೆಟ್ಟು ಬಿದ್ದದ್ದು ಕಲಿಯೋ ಮಕ್ಕಳ ಕ್ಲಬ್ಬುಗಳಿಗೆ. ಅವುಗಳ ಬಳಿ ದುಡ್ಡೂ ಇಲ್ಲ, ಮಕ್ಕಳು ಶಾಲೆ ಬಿಟ್ಟು ಸಾಲಲ್ಲಿ ನಿಲ್ಲೋ ಹಾಗೂ ಇಲ್ಲ.

2020ರಲ್ಲಿ ಕಥೆ ಮತ್ತೆ, ಇನ್ನೂ ದೊಡ್ಡದಾಗಿ ನಡೆಯಿತು. ಕೋವಿಡ್, ಬೀದಿ ಪ್ರತಿಭಟನೆ, ಚುನಾವಣೆ ಮೂರೂ ಒಟ್ಟಿಗೆ. ಬಂದೂಕು ಖರೀದಿಗೆ ಸಂಬಂಧಿಸಿದ ಎಫ್‌ಬಿಐ ಹಿನ್ನೆಲೆ ಪರಿಶೀಲನೆಗಳು 2019ರಲ್ಲಿ ಸುಮಾರು 2.84 ಕೋಟಿ ಇದ್ದದ್ದು 2020ರಲ್ಲಿ 3.97 ಕೋಟಿ ಆದವು. ಅದೇ ವರ್ಷ ರೆಮಿಂಗ್ಟನ್ ಎರಡನೇ ಸಲ ದಿವಾಳಿ ಅರ್ಜಿ ಹಾಕಿತು. ವರ್ಷದ ಆರಂಭದಲ್ಲಿ 20 ಸೆಂಟ್ ಆಸುಪಾಸಿನಲ್ಲಿದ್ದ 9 ಎಂಎಂ ಗುಂಡು 2021ರ ಆರಂಭಕ್ಕೆ 70 ಸೆಂಟ್ ದಾಟಿತು.

ಹಾಗಂತ ಕೂಡಿಡೋದೆಲ್ಲ ತಪ್ಪು ಅಂತಲ್ಲ. ಒಂದೇ ಕಂಪನಿಯ ಗುಂಡೂ ಲಾಟ್‌ನಿಂದ ಲಾಟ್‌ಗೆ ಚೂರು ಬೇರೆ. ಹಾಗಾಗಿ ಸ್ಪರ್ಧಿಗಳು ತಮ್ಮ ರೈಫಲ್‌ಗೆ ಹೊಂದುವ ಲಾಟ್ ಸಿಕ್ಕಾಗ ಇಡೀ ವರ್ಷಕ್ಕಾಗುವಷ್ಟು ಕೊಳ್ಳುತ್ತಾರೆ. ಕಪಾಟು ತುಂಬಿದ್ದಾಗ ನಿಧಾನವಾಗಿ ಕೊಂಡಿಟ್ಟವರು ಯಾರ ಪಾಲನ್ನೂ ಕಸಿಯಲ್ಲ. ಕಸಿಯೋದು ಕಪಾಟು ಖಾಲಿಯಾಗ್ತಿರೋ ವಾರದಲ್ಲಿ ಕೊಂಡ ನಾಲ್ಕನೇ ಮೂಟೆ.

ಈಗ ನಮ್ಮ ವಿಷಯ

ವಾರಾಂತ್ಯದಲ್ಲಿ "ರೇಂಜ್‌ಗೆ ಬರ್ತೀಯಾ?" ಅಂತ ಅಮೆರಿಕನ್ ಗೆಳೆಯರು ಕರೆಯೋದು ಸಹಜ. ಗೆಳೆಯರೇ, ಎಫ್-1ನಂಥ ತಾತ್ಕಾಲಿಕ ವೀಸಾದ ಮೇಲೆ ಬಂದವರು ಬಂದೂಕನ್ನಷ್ಟೇ ಅಲ್ಲ, ಗುಂಡನ್ನೂ ಹೊಂದಿರುವಂತಿಲ್ಲ ಅನ್ನುತ್ತೆ ಇಲ್ಲಿನ ಫೆಡರಲ್ ಕಾನೂನು. ರೇಂಜ್‌ನಲ್ಲಿ ಬಾಡಿಗೆಗೆ ಪಡೆದು ಹೊಡೆಯೋದೂ ಅದರಲ್ಲೇ ಬರುತ್ತೆ. ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. ಗೆಳೆಯ ಹೇಳಿದ, ಅಂಗಡಿಯವನು ಒಪ್ಪಿದ ಅನ್ನೋದನ್ನು ನಂಬಬೇಡಿ. ಮೊದಲು ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲೋ ವಕೀಲರಲ್ಲೋ ಕೇಳಿ. ಬರದ ಸಮಯದಲ್ಲಿ "ಈ ಎರಡು ಬ್ರಿಕ್ ನಿನ್ನ ರೂಮಲ್ಲಿ ಇಟ್ಟುಕೋ" ಅಂದರೂ ನಯವಾಗಿ ಬೇಡ ಅನ್ನಿ.

ಇನ್ನೊಂದು: ಗೆಳೆಯನ ಬ್ಯಾಗ್ ಎರವಲು ಪಡೆದು ಊರಿಗೆ ಹೊರಟರೆ ಮೂಲೆಮೂಲೆ ತಡಕಿ ನೋಡಿ. ಪರವಾನಗಿ ಇಲ್ಲದೆ ಒಂದೇ ಒಂದು ಸಜೀವ ಗುಂಡು ಸಿಕ್ಕರೂ ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾಗಬಹುದು. ಗೊತ್ತಿಲ್ಲದೆ ಉಳಿದದ್ದು ಎಂದು ಹೈಕೋರ್ಟ್‌ನಲ್ಲಿ ಪ್ರಕರಣ ರದ್ದು ಮಾಡಿಸಿಕೊಂಡವರಿದ್ದಾರೆ. ಆದರೆ ಅಷ್ಟರಲ್ಲಿ ರಜೆಯೂ ಹೋಗಿರುತ್ತೆ, ಅಪ್ಪ-ಅಮ್ಮನ ನಿದ್ದೆಯೂ ಹೋಗಿರುತ್ತೆ.

ಅಂದಹಾಗೆ, ಅಕ್ಕಿ ರಫ್ತಿನ ನಿಷೇಧ 2024ರ ಸೆಪ್ಟೆಂಬರ್‌ನಲ್ಲಿ ತೆರವಾಯಿತು. ನಮ್ಮ ನಾಲ್ಕನೇ ಮೂಟೆಗೆ ಅಷ್ಟು ಹೊತ್ತಿಗೆ ನುಸಿ ಬಿದ್ದು ಕಸಕ್ಕೆ ಹೋಗಿ ತಿಂಗಳುಗಳೇ ಆಗಿದ್ದವು. ಆ ವಾರ ಅಂಗಡಿಯಿಂದ ಬರಿಗೈಯಲ್ಲಿ ಹೋದವರು ಯಾರೋ ನಮಗೆ ಗೊತ್ತಿಲ್ಲ. ಬಹುಶಃ ಆಗಷ್ಟೇ ಬಂದಿಳಿದ, ಕಾರಿಲ್ಲದ, ನಮ್ಮಂಥದೇ ಒಬ್ಬ ಜೂನಿಯರ್ ಇರಬೇಕು.