ಇಂಧನ ಲೆಕ್ಕಪರಿಶೋಧಕರ ಪ್ರಮಾಣಪತ್ರ

ಬಾಯ್ಲರಿನ ಬಿಸಿ ಹೊಗೆಯೊಡನೆ ಕಲ್ಲಿದ್ದಲಿನ ಹಣವೂ ಹಾರಿಹೋಗುತ್ತದೆ, ಊರಿನ ಗಾಳಿಯೂ ಕೆಡುತ್ತದೆ. ಈ ನಷ್ಟವನ್ನು ಅಳೆದು ಹೇಳುವವನೇ ಇಂಧನ ಲೆಕ್ಕಪರಿಶೋಧಕ. ಹೊಸೂರು, ಸೊಲ್ಲಾಪುರಗಳ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ತರುಣ ತರುಣಿಯರು ಈ ವಿದ್ಯೆಯತ್ತ ಗಮನ ಹರಿಸಬೇಕು. 2001ರ ಇಂಧನ ಸಂರಕ್ಷಣಾ ಕಾಯಿದೆಯನ್ವಯ ರಚಿತವಾದ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿಯ ರಾಷ್ಟ್ರೀಯ ಪರೀಕ್ಷೆಗೆ ಮೂರು ವರ್ಷಗಳ ಅನುಭವವುಳ್ಳ ಎಂಜಿನಿಯರಿಂಗ್ ಪದವೀಧರರು ಕುಳಿತುಕೊಳ್ಳಬಹುದು. ಪತ್ರಿಕೆಗಳು ನಾಲ್ಕು, ಪ್ರತಿಯೊಂದರಲ್ಲೂ ಶೇಕಡಾ 50 ಅಂಕ ಬೇಕು. ನಾಲ್ಕನೆಯದಕ್ಕೆ ಪುಸ್ತಕ ತೆರೆದಿಟ್ಟುಕೊಳ್ಳಲು ಅನುಮತಿಯುಂಟು. ಸುಲಭವೆಂದು ಭ್ರಮಿಸಬಾರದು, ಲೆಕ್ಕದ ಅಭ್ಯಾಸವಿಲ್ಲದವನಿಗೆ ಪುಸ್ತಕವೇನು ಮಾಡೀತು? ಗೆದ್ದ ಪತ್ರವನ್ನು ಗೋಡೆಗೆ ತೂಗುಹಾಕಿ ಮರೆಯುವಂತೆಯೂ ಇಲ್ಲ. ಯಂತ್ರಗಳು ಬದಲಾಗುತ್ತಿರುತ್ತವೆ, ಆದುದರಿಂದ ಐದು ವರ್ಷಗಳಿಗೊಮ್ಮೆ ಪುನರ್ಮನನ ತರಬೇತಿ ಕಡ್ಡಾಯ.